ರಿಸೀವರ್ ಇಟ್ಟರೂ ಲೈನ್ ಬಿಡದ ಯಂತ್ರ: ಹೊಸ ಇಪಿಎಬಿಎಕ್ಸ್‌ಗೆ ದುಡ್ಡು ಕೊಡುವ ಮುಂಚೆ ಓದಿ

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಯಾರ್ಡಿನಲ್ಲಿ ಒಂದು ಅಡತಿ ಅಂಗಡಿ. ನಾಲ್ಕು ಲ್ಯಾಂಡ್‌ಲೈನ್, ನಾಲ್ಕೂ ಒಂದೇ ಮುಖ್ಯ ನಂಬರಿಗೆ ಹಂಟಿಂಗ್ (ಒಂದು ಬಿಜಿಯಿದ್ದರೆ ಕರೆ ಮುಂದಿನ ಲೈನಿಗೆ ಹೋಗುತ್ತದೆ), ಒಳಗೆ ಹದಿನಾರು ಎಕ್ಸ್‌ಟೆನ್ಶನ್. ಹಳೆಯ ಇಪಿಎಬಿಎಕ್ಸ್ (ಹೊರಗಿನ ಲೈನುಗಳನ್ನು ಒಳಗಿನ ಫೋನುಗಳಿಗೆ ಹಂಚುವ ಯಂತ್ರ) ತೆಗೆಸಿ, ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ನಡೆಯುವ ಹೊಸ ಐಪಿ ಯಂತ್ರ ಕೂಡಿಸಿದರು. ಮೊದಲ ವಾರದಲ್ಲೇ ಮಧ್ಯಾಹ್ನದ ಹೊತ್ತಿಗೆ ಯಾರು ಫೋನ್ ಹಚ್ಚಿದರೂ ಎಂಗೇಜ್. ಒಳಗೆ ನೋಡಿದರೆ ಒಬ್ಬರೂ ಮಾತಾಡುತ್ತಿಲ್ಲ, ಆದರೆ ಆಪರೇಟರ್ ಫೋನಿನ ಮೇಲೆ ನಾಲ್ಕೂ ಲೈನಿನ ಕೆಂಪು ದೀಪ ಉರಿಯುತ್ತಿವೆ. ಯಂತ್ರ ಆರಿಸಿ ಹಚ್ಚಿದರೆ ಸರಿಹೋಗುತ್ತದೆ, ಎರಡು ತಾಸಿಗೆ ಮತ್ತೆ ಅದೇ ಹಾಡು. ಯಂತ್ರ ಹಾಕಿದವರು ಲೈನ್ ಕಡೆ ಬೆರಳು ತೋರಿಸಿದರು, ಲೈನಿನವರು ಯಂತ್ರದ ಕಡೆ. ಸೀಸನ್ನಿನಲ್ಲಿ ಫೋನ್ ಸಿಗದ ಖರೀದಿದಾರ ಪಕ್ಕದ ಅಂಗಡಿಗೆ ಹೋಗುತ್ತಾನೆ, ಕಾಯುವುದಿಲ್ಲ.

ತಪ್ಪು ಇದ್ದದ್ದು ಒಂದು ಸೆಟ್ಟಿಂಗಿನಲ್ಲಿ. ಅನಲಾಗ್ ಲೈನಿನಲ್ಲಿ, ಅಂದರೆ ಸಾದಾ ಜೋಡಿ ತಂತಿಯ ಲೈನಿನಲ್ಲಿ, ಆ ಕಡೆಯವರು ಫೋನ್ ಇಟ್ಟದ್ದು ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ. ಎಕ್ಸ್‌ಚೇಂಜ್ ಕಳಿಸುವ ಬಿಜಿ ಟೋನ್ ಗುರುತಿಸಬೇಕು, ಇಲ್ಲವೇ ಲೈನಿನ ಪೊಲಾರಿಟಿ (ಎರಡು ತಂತಿಗಳ ಪ್ಲಸ್-ಮೈನಸ್) ತಿರುಗಿದ್ದನ್ನು ನೋಡಿ ತಿಳಿಯಬೇಕು. ನಮ್ಮ ದೇಶದ ಬಿಜಿ ಟೋನ್ 400 ಹರ್ಟ್ಸ್: 0.75 ಸೆಕೆಂಡ್ ಸದ್ದು, 0.75 ಸೆಕೆಂಡ್ ಮೌನ. ಅಲ್ಲಿ ಯಂತ್ರವನ್ನು ಅಮೆರಿಕದ ಸೆಟ್ಟಿಂಗಿನಲ್ಲೇ ಬಿಟ್ಟಿದ್ದರು. ಅದು ಕಾಯುತ್ತಿದ್ದದ್ದು 480 ಮತ್ತು 620 ಹರ್ಟ್ಸ್ ಕೂಡಿದ, ಅರ್ಧರ್ಧ ಸೆಕೆಂಡಿನ ಟೋನಿಗೆ. ಅದು ಇಲ್ಲಿ ಬರುವುದೇ ಇಲ್ಲ. ಹೀಗಾಗಿ ಲೈನ್ ಹಿಡಿದುಕೊಂಡೇ ಕೂತಿತು.

ಡೆಮೊ ತೋರಿಸುವಾಗ ಇದು ಯಾಕೆ ಕಾಣುವುದಿಲ್ಲ ಎಂಬುದನ್ನು ಗಮನಿಸಿ. ಒಳಗಿನವರು ಕರೆ ಎತ್ತಿ ಮಾತಾಡಿ ರಿಸೀವರ್ ಇಟ್ಟರೆ, ಇಟ್ಟದ್ದು ಯಂತ್ರಕ್ಕೆ ನೇರವಾಗಿ ಗೊತ್ತಾಗುತ್ತದೆ, ಲೈನ್ ಬಿಡುತ್ತದೆ. ಸಿಕ್ಕಿಬೀಳುವುದು ಎರಡು ಕಡೆ. ಒಂದು, "ಲೆಕ್ಕಪತ್ರಕ್ಕೆ 1 ಒತ್ತಿ" ಎನ್ನುವ ಧ್ವನಿ ಮುಗಿಯುವ ಮೊದಲೇ ಕರೆ ಮಾಡಿದವರು ಕಟ್ ಮಾಡಿದಾಗ. ಇನ್ನೊಂದು, ಒಂದು ಲೈನಿನಲ್ಲಿ ಬಂದ ಕರೆಯನ್ನು ಇನ್ನೊಂದು ಲೈನಿನಿಂದ ಮಾಲೀಕರ ಮೊಬೈಲಿಗೆ ದಾಟಿಸಿದಾಗ. ಇಬ್ಬರೂ ಹೊರಗಿನವರು, ಇಡಲು ಒಳಗೆ ರಿಸೀವರೇ ಇಲ್ಲ. ಒಂದು ಕರೆಗೆ ಎರಡು ಲೈನ್ ಹೋಗುತ್ತವೆ.

ಸರಿಪಡಿಸುವುದು ಹೀಗೆ. ಟ್ರಂಕ್ ಕಾರ್ಡಿನ (ಹೊರಗಿನ ಲೈನುಗಳು ಬಂದು ಸೇರುವ ಕಾರ್ಡು) ದೇಶದ ಸೆಟ್ಟಿಂಗ್ ಭಾರತಕ್ಕೆ ಇಡಿಸಿ. ಲೈನ್ ಕೊಟ್ಟವರ ಹತ್ತಿರ ಪೊಲಾರಿಟಿ ರಿವರ್ಸಲ್ ಸೌಲಭ್ಯ ಕೇಳಿ, ಸಿಕ್ಕರೆ ಕಾರ್ಡಿನಲ್ಲೂ ಅದನ್ನು ಚಾಲೂ ಮಾಡಿಸಿ. ಲೈನಿನಿಂದ ಲೈನಿಗೆ ದಾಟುವ ಕರೆಗೆ ಹತ್ತು ನಿಮಿಷದ ಮಿತಿ ಹಾಕಿಸಿ. ತಾಮ್ರದ ಲೈನ್ ಬಿಟ್ಟು ಫೈಬರ್‌ಗೆ ಹೋಗುವವರು ಇನ್ನೊಂದು ನೆನಪಿಡಿ: ಅಲ್ಲಿ ಟೋನ್ ಹೊರಡಿಸುವುದು ನಿಮ್ಮ ಗೋಡೆಯ ಮೇಲಿನ ಒಎನ್‌ಟಿ, ಅಂದರೆ ಫೈಬರ್ ಬಂದು ಸೇರುವ ಪೆಟ್ಟಿಗೆ. ಅದರ ಸೆಟ್ಟಿಂಗ್ ಬೇರೆ ಇದ್ದರೆ, ನಿನ್ನೆವರೆಗೆ ಸರಿಯಿದ್ದ ಯಂತ್ರವೂ ಲೈನ್ ಹಿಡಿದು ಕೂರುತ್ತದೆ.

ಪರೀಕ್ಷೆಗೆ ಬೇಕಾಗುವುದು ಎರಡು ಮೊಬೈಲ್, ಅರ್ಧ ತಾಸು. ಹೊರಗಿನಿಂದ ಕರೆ ಮಾಡಿ, ಧ್ವನಿ ನಡೆದಿರುವಾಗಲೇ ಕಟ್ ಮಾಡಿ, ಆ ಲೈನಿನ ದೀಪ ನೋಡುತ್ತಾ ಕೂಡಿ. ಒಂದು ನಿಮಿಷದೊಳಗೆ ಆರಬೇಕು. ನಾಲ್ಕು ಲೈನಿದ್ದರೆ ನಾಲ್ಕಕ್ಕೂ ಬೇರೆಬೇರೆಯಾಗಿ ಮಾಡಿ, ಆಮೇಲೆ ಇನ್ನೊಂದು ಮೊಬೈಲಿಗೆ ದಾಟಿಸಿ ಮತ್ತೊಮ್ಮೆ. ಕರೆ ಮಾಡಿದವರ ನಂಬರ್ ಕಾಣುತ್ತದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ. ಲೈನ್ ನಂಬರ್ ಕಳಿಸುವುದು ಡಿಟಿಎಂಎಫ್ ಎಂಬ ಪದ್ಧತಿಯಲ್ಲಿ, ಕಾರ್ಡ್ ಇರುವುದು ಎಫ್‌ಎಸ್‌ಕೆ ಎಂಬ ಬೇರೆ ಪದ್ಧತಿಯಲ್ಲಿ ಎಂದಾದರೆ ಏನೂ ಕಾಣುವುದಿಲ್ಲ.

ಅದೇ ಅಂಗಡಿಯ ಗೋದಾಮು ಸುಮಾರು 300 ಮೀಟರ್ ದೂರ. ಅಲ್ಲಿಗೂ ಕ್ಯಾಟ್ 6 ಕೇಬಲ್ ಎಳೆದು, ನಡುವೆ ತಗಡಿನ ಚಪ್ಪರದ ಕೆಳಗೆ ಸಣ್ಣ ಸ್ವಿಚ್‌ಗಳನ್ನು ಇಟ್ಟು ಐಪಿ ಫೋನ್ ಕೊಟ್ಟಿದ್ದರು. ಈಥರ್ನೆಟ್‌ನ ಮಿತಿ ಒಂದು ತುಂಡಿಗೆ 100 ಮೀಟರ್. ನಡುವಿನ ಒಂದು ಸ್ವಿಚ್‌ಗೆ ಕರೆಂಟ್ ಹೋದರೂ ಗೋದಾಮು ಸತ್ತಂತೆ. ಇಂಥ ಕಡೆ ಸಾದಾ ಅನಲಾಗ್ ಎಕ್ಸ್‌ಟೆನ್ಶನ್ನೇ ಸಾಕು. 0.5 ಮಿಲಿಮೀಟರಿನ ಟೆಲಿಫೋನ್ ಜೋಡಿ ತಂತಿಯ ರೋಧ ಹೋಗಿಬರುವ ದಾರಿಗೆ ಕಿಲೋಮೀಟರಿಗೆ ಸುಮಾರು 180 ಓಮ್, 300 ಮೀಟರಿಗೆ 55. ಯಾವ ಕಾರ್ಡಿಗೂ ಇದು ಭಾರವಲ್ಲ. ಆದ್ದರಿಂದ ಯಂತ್ರ ಕೊಳ್ಳುವಾಗ ನಾಲ್ಕಾದರೂ ಅನಲಾಗ್ ಪೋರ್ಟ್ ಇರುವುದನ್ನೇ ಕೊಳ್ಳಿ. ಬ್ಯಾಡಗಿಯಲ್ಲಿ ಅಂಗಡಿ ಒಂದು ಕಡೆ, ಗೋದಾಮು ಇನ್ನೊಂದು ಕಡೆ ಇಟ್ಟುಕೊಂಡವರಿಗೂ ಇದೇ ಮಾತು. ಐಪಿಯೇ ಬೇಕೆಂದರೆ ಲೋಹದ ಕವಚವಿಲ್ಲದ ಫೈಬರ್ ಹಾಕಿಸಿ, ಅದರ ಮೇಲೆ ಸಿಡಿಲಿನ ಹೊಡೆತವೂ ಹರಿದು ಬರುವುದಿಲ್ಲ.

ಸಿಡಿಲಿನ ವಿಷಯ ನಮ್ಮ ಭಾಗದಲ್ಲಿ ಹಗುರವಾಗಿ ತೆಗೆದುಕೊಳ್ಳಬೇಡಿ. ಭರಣಿ, ಕೃತ್ತಿಕೆಯ ಗುಡುಗಿಗೆ ಮೊದಲು ಸುಡುವುದು ಟ್ರಂಕ್ ಕಾರ್ಡು. ಹೊರಗಿನ ತಂತಿಗಳು ಬಂದು ಸೇರುವ ಎಂಡಿಎಫ್ ಪೆಟ್ಟಿಗೆಯಲ್ಲಿ ಪ್ರತಿ ಜೋಡಿಗೂ ಗ್ಯಾಸ್ ಟ್ಯೂಬ್ (ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ ಬಿಡಿಭಾಗ) ಹಾಕಿರುತ್ತಾರೆ, ಅದರ ಅರ್ಥಿಂಗ್ ತಂತಿಯನ್ನು ಮಾತ್ರ ಕಿಟಕಿಯ ಸರಳಿಗೆ ಸುತ್ತಿರುತ್ತಾರೆ. ಅರ್ಥ್ ಇಲ್ಲದ ಗ್ಯಾಸ್ ಟ್ಯೂಬ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹುಬ್ಬಳ್ಳಿ, ಗದಗ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಟ್ಟಾಗ ಮಣ್ಣು ಅರ್ಥ್ ಪೈಪನ್ನು ಬಿಟ್ಟು ಸರಿಯುತ್ತದೆ, ರೋಧ ಏರುತ್ತದೆ. ಶ್ರಾವಣದ ಹಸಿಯಲ್ಲಿ ಅಳೆದು 3 ಓಮ್ ಎಂದು ಬರೆದುಕೊಟ್ಟ ಚೀಟಿ ನಂಬಬೇಡಿ. ಏಪ್ರಿಲ್‌ನಲ್ಲಿ ಅಳೆಸಿ, 5 ಓಮ್ ಒಳಗಿರಲಿ, ಗುಂಡಿಗೆ ವಾರಕ್ಕೊಮ್ಮೆ ನೀರು ಬೀಳಲಿ.

ಮನೆಯಿಂದಲೂ ಎಕ್ಸ್‌ಟೆನ್ಶನ್ ನಡೆಯಲಿ ಎಂದು ರೌಟರಿನ 5060 ಪೋರ್ಟ್ (ಐಪಿ ಫೋನಿನ ಕರೆಗಳು ಬರುವ ಬಾಗಿಲು) ಇಂಟರ್ನೆಟ್ಟಿಗೆ ತೆರೆದಿಡುವುದು ಇನ್ನೂ ದೊಡ್ಡ ಅಪಾಯ. ಎಕ್ಸ್‌ಟೆನ್ಶನ್ 205, ಪಾಸ್‌ವರ್ಡ್ ಕೂಡ 205 ಎಂದಿದ್ದರೆ, ಸದಾ ಹುಡುಕುತ್ತಿರುವ ಪ್ರೋಗ್ರಾಮ್‌ಗಳು ಒಳಹೊಕ್ಕು ರಾತ್ರಿಯೆಲ್ಲ ವಿದೇಶಕ್ಕೆ ಕರೆ ಮಾಡುತ್ತವೆ, ಬಿಲ್ಲು ನಿಮ್ಮ ಹೆಸರಿಗೆ. ವಿಪಿಎನ್ (ಇಂಟರ್ನೆಟ್ಟಿನೊಳಗಿನ ಖಾಸಗಿ ದಾರಿ) ಮೂಲಕವೇ ಕೊಡಿಸಿ, ಐಎಸ್‌ಡಿಯನ್ನು ಲೈನ್ ಕೊಟ್ಟವರ ಕಡೆಯಿಂದಲೇ ಬಂದ್ ಮಾಡಿಸಿ.

ಯಂತ್ರದ ಅಡ್ಮಿನ್ ಪಾಸ್‌ವರ್ಡ್ ಮತ್ತು ಸೆಟ್ಟಿಂಗಿನ ಬ್ಯಾಕಪ್ ಪೆನ್‌ಡ್ರೈವಿನಲ್ಲಿ ನಿಮ್ಮ ಕೈಗೆ ಕೊಡಬೇಕೆಂದು ಕೊಟೇಶನ್ನಿನಲ್ಲೇ ಬರೆಸಿ. ಕೊನೆಯ ಕಂತು ಕೊಡುವ ದಿನ ಮೇನ್ ಸ್ವಿಚ್ ಇಳಿಸಿ. ಯಂತ್ರಕ್ಕಷ್ಟೇ ಯುಪಿಎಸ್ ಕೊಟ್ಟು ಒಎನ್‌ಟಿ, ರೌಟರ್, ಪಿಒಇ ಸ್ವಿಚ್‌ಗಳನ್ನು (ಕೇಬಲ್ಲಿನಲ್ಲೇ ಫೋನಿಗೆ ಕರೆಂಟ್ ಕೊಡುವಂಥವು) ಸಾದಾ ಪ್ಲಗ್ಗಿಗೆ ಹಾಕಿರುವುದು ಆಗ ಹೊರಬೀಳುತ್ತದೆ. ಎಲ್ಲವೂ ಒಂದೇ ಯುಪಿಎಸ್ ಮೇಲೆ ಬಂದು, ಗೋದಾಮಿನ ಫೋನೂ ರಿಂಗಾಗುವವರೆಗೆ ಚೆಕ್ ಬರೆಯಬೇಡಿ.