ಕಾಫಿ ಖರೀದಿ ಲೆಕ್ಕಕ್ಕೆ ಜಾಂಗೋ ಸಿಂಪಲ್ ಹಿಸ್ಟರಿ: ಬಳಸಿದ ಮೇಲೆ ಅನಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಪುಕ್ಕಟೆ ಸಿಗುವ ಲೈಬ್ರರಿಗಳಲ್ಲಿ (ನಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಸಿಂಪಲ್ ಹಿಸ್ಟರಿಯಷ್ಟು ಅಚ್ಚುಕಟ್ಟಾದದ್ದು ಕಡಿಮೆ. ಹಾಗಂತ ಇದನ್ನು ಹಾಕಿದ ತಕ್ಷಣ ಲೆಕ್ಕ ಭದ್ರವಾಯಿತು ಅಂದುಕೊಂಡು ಮಲಗಿದರೆ ಕೆಟ್ಟಿರಿ. ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಕಡೆಯ ಕಾಫಿ ಖರೀದಿ ಅಂಗಡಿಗಳಿಗೆ ನಾವು ವೆಬ್ ಅಪ್ಲಿಕೇಶನ್ ಮಾಡಿಕೊಡುತ್ತೇವೆ. ಪೈಥಾನ್‌ನ ವೆಬ್ ಚೌಕಟ್ಟು ಜಾಂಗೋ, ಡೇಟಾಬೇಸ್ ಪೋಸ್ಟ್‌ಗ್ರೆಸ್, ಅಷ್ಟೇ. ಯಾವ ರೆಕಾರ್ಡು ಯಾವಾಗ ಬದಲಾಯಿತು, ಯಾರು ಬದಲಾಯಿಸಿದರು ಅನ್ನುವುದನ್ನು ಬರೆದಿಡಲು ಇದನ್ನು ಬಳಸುತ್ತಿದ್ದೇವೆ.

ಕಾಫಿ ಅಂಗಡಿಗೆ ಇದೆಲ್ಲ ಯಾಕೆ ಅಂತ ಬೇರೆ ಊರಿನವರು ಕೇಳಬಹುದು. ರೋಬಸ್ಟಾ ಚೆರ್ರಿಗೆ ಬೆಲೆ ಕಟ್ಟುವುದು ಔಟ್‌ಟರ್ನ್ ಮೇಲೆ. 50 ಕೆಜಿ ಒಣ ಚೆರ್ರಿ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಬೀಜ ಸಿಗುತ್ತದೋ ಅದೇ ಔಟ್‌ಟರ್ನ್, ನಮ್ಮ ಬಾಯಲ್ಲಿ ಒಟಿ. ಮೂಟೆಯಿಂದ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗಿ ನೋಡುತ್ತಾರೆ. ಒಟಿಯ ಒಂದು ಪಾಯಿಂಟ್‌ಗೆ 370 ರೂಪಾಯಿ ಅಂತ ಇಟ್ಟುಕೊಳ್ಳಿ. ಒಟಿ 26ರಿಂದ 25.5ಕ್ಕೆ ಇಳಿದರೆ ಮೂಟೆಗೆ 185 ರೂಪಾಯಿ ಹೋಯಿತು, 60 ಮೂಟೆಗೆ 11,100. ಬೆಳೆಗಾರ ಸುಮ್ನೆ ಇರುತ್ತಾನಾ? ಅಂಗಡಿಯವರು ತಪ್ಪು ಮಾಡಿದ್ದಾರೆ ಅಂತಲೇ ಅಲ್ಲ, ಎರಡನೇ ಸ್ಯಾಂಪಲ್‌ನಲ್ಲಿ ನಿಜಕ್ಕೂ ಕಡಿಮೆ ಬಂದಿರಬಹುದು. ಆದರೆ ಅದನ್ನು ತೋರಿಸಬೇಕಲ್ಲ.

ಹಳೇ ಖಾತೆ ಪುಸ್ತಕದಲ್ಲಿ ಲೆಕ್ಕ ಬರೆಯುವ ರೈಟ್ರು ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸ ಅಂಕಿ ಬರೆದು ಸಹಿ ಹಾಕುತ್ತಿದ್ದರು, ಹೊಡೆದ ಅಂಕಿಯೂ ಕಾಣುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಅದೇ ಹೋಯಿತು. ಮಾಮೂಲಿ ಡೇಟಾಬೇಸ್ ಟೇಬಲ್‌ನಲ್ಲಿ ಸೇವ್ ಒತ್ತಿದರೆ ಹಳೇ ಅಂಕಿ ಮಾಯ.

ಸಿಂಪಲ್ ಹಿಸ್ಟರಿ ಆ ಹೊಡೆದ ಅಂಕಿಯನ್ನು ವಾಪಸ್ ಕೊಡುತ್ತದೆ. ಮಾಡೆಲ್‌ಗೆ (ಜಾಂಗೋದಲ್ಲಿ ಟೇಬಲ್ಲನ್ನು ವಿವರಿಸುವ ಕೋಡ್) ಒಂದೇ ಒಂದು ಸಾಲು ಕೋಡ್ ಸೇರಿಸಿ, ಡೇಟಾಬೇಸಿನ ರಚನೆ ಬದಲಿಸುವ ಮೈಗ್ರೇಶನ್ ಓಡಿಸಿದರೆ ಆ ಟೇಬಲ್‌ಗೆ ಜೋಡಿಯಾಗಿ ಇನ್ನೊಂದು ಹಿಸ್ಟರಿ ಟೇಬಲ್ ಹುಟ್ಟುತ್ತದೆ. ಆಮೇಲೆ ಪ್ರತಿ ಸೇವ್‌ಗೂ ಆ ಇಡೀ ಸಾಲಿನ ನಕಲು ಅಲ್ಲಿ ಹೋಗಿ ಕೂರುತ್ತದೆ, ಜೊತೆಗೆ ಹೊತ್ತು, ಬಳಕೆದಾರ, ಕಾರಣ. ಹೊಸದಾದರೆ + ಗುರುತು, ತಿದ್ದಿದರೆ ~, ಅಳಿಸಿದರೆ -. ಯಾರು ಲಾಗಿನ್ ಆಗಿದ್ದರು ಅನ್ನುವುದನ್ನು ಅದರದ್ದೇ ಮಿಡಲ್‌ವೇರ್ (ಪ್ರತಿ ವೆಬ್ ಕೋರಿಕೆಯ ನಡುವೆ ಓಡುವ ಕೋಡ್) ತುಂಬಿಕೊಳ್ಳುತ್ತದೆ. ಮೊದಲಿನಿಂದ ಇದ್ದ ದಾಖಲೆಗಳಿಗೆ ಆರಂಭದ ಸಾಲು ಹಾಕಲು ಒಂದು ಕಮಾಂಡ್ ಇದೆ, ಅದನ್ನು ಮರೆಯಬೇಡಿ. ಇಲ್ಲದಿದ್ದರೆ ಮೊದಲ ತಿದ್ದುಪಡಿ ಆದಾಗ ಅದಕ್ಕೂ ಮುಂಚೆ ಏನಿತ್ತು ಅನ್ನುವುದೇ ಇರುವುದಿಲ್ಲ.

ಸೀಸನ್‌ನಲ್ಲಿ ಒಂದು ಖರೀದಿ ಚೀಟಿಯ ಹಿಸ್ಟರಿ ತೆಗೆದರೆ ಹೀಗೆ ಕಾಣುತ್ತದೆ. ಬೆಳಗ್ಗೆ 10.42, +, ತೂಕ 3,000 ಕೆಜಿ, ಒಟಿ 26, ರೈಟ್ರ ಹೆಸರು. ಮಧ್ಯಾಹ್ನ 3.15, ~, ಒಟಿ 25.5, ಮಾಲೀಕರ ಹೆಸರು, ಕಾರಣ: ಎರಡನೇ ಸ್ಯಾಂಪಲ್. ಇಷ್ಟೇ. ಬೆಳೆಗಾರರ ಮುಂದೆ ಸ್ಕ್ರೀನ್ ತಿರುಗಿಸಿ ಇಟ್ಟರೆ ಮಾತು ಅರ್ಧ ಮುಗಿದಂತೆ. ಮಿಕ್ಕರ್ಧ ಆ ಸ್ಯಾಂಪಲ್ ಎಲ್ಲಿದೆ ತೋರಿಸಿ ಅನ್ನುವುದು, ಅದಕ್ಕೆ ಸಾಫ್ಟ್‌ವೇರ್ ಏನೂ ಮಾಡಲಾಗದು.

ಇದನ್ನು ಮೊದಲ ಸಲ ತೋರಿಸಿದಾಗ ಒಂದು ಅಂಗಡಿಯ ರೈಟ್ರು ಕೇಳಿದ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. "ಅಲ್ಲ ಸಾರ್, ನಾನು ಮಾಡಿದ್ದು ಬೀಳುತ್ತೆ ಸರಿ, ಸಾಹುಕಾರ್ರು ತಿದ್ದಿದ್ದೂ ಬೀಳುತ್ತಾ?" ಬೀಳುತ್ತದೆ ಅಂದೆ. "ಹಾಗಾದ್ರೆ ಇವತ್ತೇ ಹಾಕಿ" ಅಂದರು. ಮಾಲೀಕರು ಪಕ್ಕದಲ್ಲೇ ಕೂತು ನಗುತ್ತಿದ್ದರು. ಇಂಥ ಸಾಮಾನು ಕೆಲಸದವರ ಮೇಲೆ ಕಣ್ಣಿಡಲು ಅಂತ ಎಲ್ಲರೂ ತಿಳಿಯುತ್ತಾರೆ, ನಾನು ನೋಡಿದ ಮಟ್ಟಿಗೆ ಜಾಸ್ತಿ ಖುಷಿಯಾಗುವುದು ಕೆಲಸದವರಿಗೇ.

ಈಗ ಕಾರಣದ ವಿಷಯ. ಲೈಬ್ರರಿಯಲ್ಲಿ ಕಾರಣಕ್ಕೆ ಜಾಗ ಇದೆ, ಮಾಮೂಲಿಯಾಗಿ 100 ಅಕ್ಷರ, ಬೇಕಾದರೆ ಹೆಚ್ಚಿಸಬಹುದು. ಆದರೆ ಕಡ್ಡಾಯವಲ್ಲ, ಖಾಲಿ ಬಿಟ್ಟರೂ ಸೇವ್ ಆಗುತ್ತದೆ. ನಮ್ಮ ಫಾರ್ಮ್‌ನಲ್ಲಿ ಕಡ್ಡಾಯ ಮಾಡಿದೆವು. ಜನ ಏನು ಬರೆದರು ಗೊತ್ತಾ? "ಓಕೆ", "ಸರಿ ಮಾಡಿದೆ", ಮೂರು ಚುಕ್ಕಿ. ಮೂಟೆ ಇಳಿಸುವ ಗಲಾಟೆಯಲ್ಲಿ ನಿಂತವರು ಪ್ರಬಂಧ ಬರೆಯುತ್ತಾರಾ? ಕೊನೆಗೆ ಟೈಪ್ ಮಾಡುವುದನ್ನೇ ತೆಗೆದು ಪಟ್ಟಿ ಕೊಟ್ಟೆವು: ಎರಡನೇ ಸ್ಯಾಂಪಲ್, ತೇವಾಂಶ ಹೆಚ್ಚು, ತೂಕ ಮರುಪರೀಕ್ಷೆ, ಟೈಪಿಂಗ್ ತಪ್ಪು, ಮಾಲೀಕರ ಮಾತು. ಕೊನೆಯದು ತಮಾಷೆಗೆ ಹಾಕಿದ್ದಲ್ಲ, ಜಾಸ್ತಿ ಬಳಕೆಯಾಗುವುದು ಅದೇ. ಯಾರು, ಯಾವಾಗ, ಏನು ಅನ್ನುವುದನ್ನು ಯಂತ್ರ ತಾನೇ ಬರೆದುಕೊಳ್ಳುತ್ತದೆ, ಯಾಕೆ ಅನ್ನುವುದನ್ನು ಮಾತ್ರ ನೀವು ಜನರಿಂದ ಬಾಯಿ ಬಿಡಿಸಬೇಕು. ಲೈಬ್ರರಿ ಆರಿಸುವುದಕ್ಕಿಂತ ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಿ.

ದೊಡ್ಡ ತೂತು ಒಂದಿದೆ. ಇದು ನಿಂತಿರುವುದು ಜಾಂಗೋದ ಸೇವ್, ಡಿಲೀಟ್ ಸಿಗ್ನಲ್‌ಗಳ ಮೇಲೆ, ಅಂದರೆ ಒಂದು ದಾಖಲೆ ಸೇವ್ ಆದಾಗ, ಅಳಿದಾಗ ಜಾಂಗೋ ಕಳಿಸುವ ಸೂಚನೆಗಳ ಮೇಲೆ. ಕ್ವೆರಿಸೆಟ್ (ಆರಿಸಿದ ದಾಖಲೆಗಳ ಗುಂಪು) ಮೇಲೆ ನೇರ ಅಪ್‌ಡೇಟ್ ಓಡಿಸಿದರೆ, ಬಲ್ಕ್ ಕ್ರಿಯೇಟ್ ಅಂದರೆ ಹಲವು ದಾಖಲೆ ಒಟ್ಟಿಗೆ ಸೇರಿಸುವುದನ್ನು ಮಾಡಿದರೆ ಸಿಗ್ನಲ್ ಹೋಗುವುದಿಲ್ಲ, ಹಿಸ್ಟರಿಯೂ ಇಲ್ಲ. ಅಂಗಡಿಯಲ್ಲಿ ಇದು ಎಲ್ಲಿ ಬರುತ್ತದೆ ನೋಡಿ. ಸಂಜೆ ರೇಟ್ ಬದಲಾಗುತ್ತದೆ, ಬಾಕಿ ಇರುವ ಎಲ್ಲಾ ಚೀಟಿಗೂ ಹೊಸ ರೇಟ್ ಹಾಕಿ ಅನ್ನುತ್ತಾರೆ. ಪ್ರೋಗ್ರಾಮರ್ ಸಹಜವಾಗಿ ಒಂದೇ ಸಾಲು ಕೋಡಿನ ಅಪ್‌ಡೇಟ್ ಬರೆಯುತ್ತಾನೆ, ವೇಗ ಅಲ್ವಾ. ಅಂದರೆ ದುಡ್ಡಿಗೆ ಸಂಬಂಧಪಟ್ಟ ಅತಿ ದೊಡ್ಡ ಬದಲಾವಣೆಯೇ ಗುರುತಿಲ್ಲದೆ ದಾಟಿಹೋಗುತ್ತದೆ. ಡಾಕ್ಯುಮೆಂಟೇಶನ್‌ನಲ್ಲಿ ಇದನ್ನು ಮುಚ್ಚಿಟ್ಟಿಲ್ಲ. ಹಿಸ್ಟರಿ ಸಮೇತ ಬಲ್ಕ್ ಅಪ್‌ಡೇಟ್ ಮಾಡುವ ಫಂಕ್ಷನ್‌ಗಳನ್ನೂ ಅವರೇ ಕೊಟ್ಟಿದ್ದಾರೆ, ಅವುಗಳನ್ನೇ ಬಳಸಿ. ರಾತ್ರಿ ತಾನಾಗಿ ಓಡುವ ಕೆಲಸಗಳಲ್ಲಿ ಲಾಗಿನ್ ಇರುವುದಿಲ್ಲ, ಹಾಗಾಗಿ ಬಳಕೆದಾರನ ಜಾಗ ಖಾಲಿ ಬೀಳುತ್ತದೆ. ಅಲ್ಲಿ ಹೆಸರು ನೀವೇ ಕೊಡಬೇಕು.

ಯಾರಾದರೂ ನೇರವಾಗಿ ಡೇಟಾಬೇಸ್‌ಗೆ ಹೋಗಿ ಅದರ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಬರೆದರೆ ಇದಕ್ಕೆ ಗೊತ್ತೇ ಆಗುವುದಿಲ್ಲ. ಆ ಭಯ ಇದ್ದರೆ ಟ್ರಿಗರ್ (ಸಾಲು ಬದಲಾದಾಗ ಡೇಟಾಬೇಸೇ ತಾನಾಗಿ ಓಡಿಸುವ ಕೋಡ್) ಬೇಕು, ಜಾಂಗೋದಲ್ಲಿ ಪೋಸ್ಟ್‌ಗ್ರೆಸ್ ಬಳಸುವವರಿಗೆ ಪಿಜಿಹಿಸ್ಟರಿ ಅನ್ನುವ ಲೈಬ್ರರಿ ಆ ದಾರಿಯದು. ಮಾರಿಯಾಡಿಬಿ ಡೇಟಾಬೇಸ್ ಇದ್ದವರಿಗೆ 10.3 ಆವೃತ್ತಿಯಿಂದ ಡೇಟಾಬೇಸಿನಲ್ಲೇ ಹಳೇ ಸಾಲುಗಳನ್ನು ಉಳಿಸುವ ಸೌಲಭ್ಯ ಇದೆ, ಆದರೆ ಅಪ್ಲಿಕೇಶನ್‌ನಲ್ಲಿ ಯಾರು ಲಾಗಿನ್ ಆಗಿದ್ದರು ಅಂತ ಅದಕ್ಕೆ ತಾನಾಗಿ ತಿಳಿಯದು. ರೂಬಿ ಭಾಷೆಯ ರೈಲ್ಸ್ ಚೌಕಟ್ಟು ಬಳಸುವವರು ಪೇಪರ್‌ಟ್ರೇಲ್ ಲೈಬ್ರರಿ ನೋಡಲಿ, ಅಲ್ಲಿ ಮಾಮೂಲಿಯಾಗಿ ಎಲ್ಲವೂ ಒಂದೇ ವರ್ಷನ್ಸ್ ಟೇಬಲ್‌ಗೆ ಹೋಗುತ್ತದೆ. ಜಾಂಗೋ ಆಡಿಟ್‌ಲಾಗ್ ಅನ್ನುವ ಲೈಬ್ರರಿ ಕೂಡ ಒಂದೇ ಟೇಬಲ್‌ನದು, ಬದಲಾದ ಭಾಗವನ್ನಷ್ಟೇ ಬರೆಯುತ್ತದೆ, ಜಾಗ ಉಳಿಯುತ್ತದೆ. ನಾವು ಸಿಂಪಲ್ ಹಿಸ್ಟರಿಗೇ ಅಂಟಿಕೊಂಡದ್ದು ಯಾಕೆಂದರೆ, ಫೆಬ್ರವರಿ 10ರ ಸಂಜೆ ಈ ಚೀಟಿ ಹೇಗಿತ್ತು ಅಂತ ಕೇಳಿದರೆ ಇಡೀ ಸಾಲನ್ನು ಹಾಗೇ ಎತ್ತಿ ಕೊಡುತ್ತದೆ. ಬೆಳೆಗಾರರು ಕೇಳುವುದು ಅದನ್ನೇ.

ಅದಕ್ಕೆ ತೆರುವ ಬೆಲೆ ಜಾಗ. ಏನೂ ಬದಲಾಗದಿದ್ದರೂ ಸೇವ್ ಒತ್ತಿದರೆ ಒಂದು ನಕಲು ಬೀಳುತ್ತದೆ. ಕೆಲವರಿಗೆ ಪದೇ ಪದೇ ಸೇವ್ ಒತ್ತುವ ಚಾಳಿ ಬೇರೆ. ಇಂಥ ಖಾಲಿ ನಕಲು ತೆಗೆಯಲು ಕಮಾಂಡ್ ಇದೆ. ಎಲ್ಲಾ ಟೇಬಲ್‌ಗೂ ಹಿಸ್ಟರಿ ಹಾಕುವ ಹುಮ್ಮಸ್ಸು ಬೇಡ. ಚೀಟಿ, ರೇಟ್, ಪಾವತಿ, ಮುಂಗಡ, ಈ ನಾಲ್ಕಕ್ಕೆ ಹಾಕಿದರೆ ಜಗಳದ ಜಾಗಗಳೆಲ್ಲ ಮುಚ್ಚಿದಂತೆ. ಎಸ್‌ಎಂಎಸ್ ಲಾಗ್‌ಗೆ ಹಿಸ್ಟರಿ ಯಾಕೆ ಹೇಳಿ?

ಕೆಲಸ ಬಿಟ್ಟು ಹೋದವರ ಲಾಗಿನ್ ಖಾತೆಯನ್ನು ಅಳಿಸಬೇಡಿ. ಅಳಿಸಿದರೆ ಹಿಸ್ಟರಿ ಸಾಲುಗಳು ಉಳಿಯುತ್ತವೆ, ಅವರ ಹೆಸರು ಮಾತ್ರ ಖಾಲಿಯಾಗುತ್ತದೆ. ಖಾತೆಯನ್ನು ನಿಷ್ಕ್ರಿಯ ಮಾಡಿದರೆ ಸಾಕು. ನಾವು ಒಂದು ಹೆಜ್ಜೆ ಮುಂದೆ ಹೋಗಿ, ಅಪ್ಲಿಕೇಶನ್ ಬಳಸುವ ಡೇಟಾಬೇಸ್ ಯೂಸರ್‌ನಿಂದ ಹಿಸ್ಟರಿ ಟೇಬಲ್ ತಿದ್ದುವ, ಅಳಿಸುವ ಅನುಮತಿಯನ್ನೇ ಕಿತ್ತುಕೊಂಡಿದ್ದೇವೆ, ಸೇರಿಸುವುದಕ್ಕೆ ಮಾತ್ರ ಬಿಟ್ಟಿದ್ದೇವೆ. ಇದರಿಂದ ಇನ್ನೊಂದು ಲಾಭ, ಹಿಸ್ಟರಿಯಲ್ಲಿ ಹೆಸರಿರುವ ಖಾತೆ ಅಳಿಸಲು ಹೋದರೂ ಆಗುವುದಿಲ್ಲ. ಡೇಟಾಬೇಸ್ ಅಡ್ಮಿನ್ ಪಾಸ್‌ವರ್ಡ್ ಕೈಯಲ್ಲಿ ಇದ್ದವನನ್ನು ಇದು ತಡೆಯುವುದಿಲ್ಲ, ಅದು ಬೇರೆ ಮಾತು.

ಕಂಪನಿ ಅಂತ ನೋಂದಣಿ ಆಗಿರುವ ಕ್ಯೂರಿಂಗ್ ವರ್ಕ್ಸ್‌ನವರಾದರೆ (ಕಾಫಿ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕಾರ್ಖಾನೆ) ಇದು ಬರೀ ಆಸೆಯ ವಿಷಯ ಅಲ್ಲ. ಸಾಫ್ಟ್‌ವೇರ್‌ನಲ್ಲಿ ಲೆಕ್ಕಪುಸ್ತಕ ಇಡುವ ಕಂಪನಿಗಳು 2023ರ ಏಪ್ರಿಲ್ 1ರಿಂದ ಪ್ರತಿ ವಹಿವಾಟಿನ ಎಡಿಟ್ ಲಾಗ್ ಇಡಲೇಬೇಕು, ಅದನ್ನು ಆಫ್ ಮಾಡುವಂತಿರಬಾರದು. ಸ್ವಂತ ಹೆಸರಿನ ಅಂಗಡಿಗೆ, ಪಾಲುದಾರಿಕೆಗೆ ಆ ನಿಯಮ ಬರುವುದಿಲ್ಲ. ಆದರೆ ಈ ಲೈಬ್ರರಿ ಹಾಕಿದ್ದೇವೆ, ಆಡಿಟರ್ ಒಪ್ಪುತ್ತಾರೆ ಅಂತ ನೀವೇ ತೀರ್ಮಾನ ಮಾಡಬೇಡಿ, ಮೇಲೆ ಹೇಳಿದ ತೂತುಗಳು ಅವರಿಗೂ ಕಾಣುತ್ತವೆ.

ಜಾಂಗೋ ಜೊತೆಗೇ ಬರುವ ಅಡ್ಮಿನ್ ಪುಟದಲ್ಲಿ ಕಾಣುವ ಹಿಸ್ಟರಿ ನಮಗೆ ಸಾಕು, ಅಂಗಡಿಯವರಿಗೆ ಸಾಲದು. ಅವರಿಗೆ ಕನ್ನಡದಲ್ಲಿ ಬೇರೆ ಪುಟ ಮಾಡಿಕೊಟ್ಟೆವು, ಬದಲಾದ ಅಂಕಿ ಮಾತ್ರ ಕಾಣುವಂತೆ. ಎರಡು ನಕಲುಗಳ ವ್ಯತ್ಯಾಸ ತೆಗೆಯುವ ಸೌಲಭ್ಯ ಲೈಬ್ರರಿಯಲ್ಲೇ ಇರುವುದರಿಂದ ಕೆಲಸ ಹಗುರವಾಯಿತು. ಅಡ್ಮಿನ್‌ನಲ್ಲಿ ಹಳೇ ನಕಲಿಗೆ ವಾಪಸ್ ಹೋಗುವ ಬಟನ್ ಒಂದಿದೆ, ಸೆಟ್ಟಿಂಗ್‌ನಲ್ಲಿ ಅದನ್ನು ಮುಚ್ಚಿಬಿಡಿ. ದುಡ್ಡು ಕೊಟ್ಟಾದ ಚೀಟಿಯನ್ನು ಒಂದು ಕ್ಲಿಕ್ಕಿನಲ್ಲಿ ಹಿಂದಕ್ಕೆ ತಿರುಗಿಸುವ ಅವಕಾಶ ಯಾರಿಗೂ ಬೇಡ.

ಇನ್ನು ಬೆಳೆಗಾರರ ಫೋನ್ ನಂಬರ್, ಬ್ಯಾಂಕ್ ಖಾತೆ. ಮುಖ್ಯ ಟೇಬಲ್‌ನಲ್ಲಿ ಅಳಿಸಿದರೂ ಹಿಸ್ಟರಿಯಲ್ಲಿ ಹಳೆಯದು ಹಾಗೇ ಕೂತಿರುತ್ತದೆ. ಬೇಡದ ಕಾಲಂಗಳನ್ನು ಹೊರಗಿಡಲು ಆಯ್ಕೆ ಇದೆ. ಫೋನ್ ನಂಬರನ್ನು ಹೊರಗಿಟ್ಟಿದ್ದೇವೆ. ಬ್ಯಾಂಕ್ ಖಾತೆಯನ್ನು ಇಟ್ಟುಕೊಂಡಿದ್ದೇವೆ, ದುಡ್ಡು ಬೇರೆಯವರ ಖಾತೆಗೆ ಹೋಯಿತು ಅಂತ ದೂರು ಬಂದರೆ ಆ ನಂಬರನ್ನು ಯಾರು ತಿದ್ದಿದರು ಅನ್ನುವುದೇ ಮೊದಲ ಪ್ರಶ್ನೆ.