ಬೀಡಿನ ಹುಂಜಕ್ಕೆ ಯಾವ ಬೆಸುಗೆ?

ಚಿಂತಾಮಣಿ ಕಡೆಯ ನಮ್ಮ ತೋಟದ ಬಾವಿ ಬತ್ತಿ ಎಷ್ಟೋ ವರ್ಷವಾಯಿತು. ಅದರ ಪಂಪು ಮಾತ್ರ ಮೂಲೆಯಲ್ಲಿ ಬಿದ್ದಿತ್ತು. ಬಸವನ ಹುಳುವಿನ ಚಿಪ್ಪಿನಂಥ ಆ ಬೀಡಿನ (ಎರಕದ ಕಬ್ಬಿಣದ) ಕವಚ ನೋಡಿದಾಗೆಲ್ಲ ನನಗೆ ಎದೆಯುಬ್ಬಿಸಿದ ಹುಂಜ ಕಾಣುತ್ತಿತ್ತು. ಅದನ್ನೇ ಹುಂಜದ ಶಿಲ್ಪ ಮಾಡೋಣ ಅಂತ ಹೊರಟೆ. ಬಾಲಕ್ಕೆ ಸವೆದ ರೋಟವೇಟರ್ ಬ್ಲೇಡು, ಜುಟ್ಟಿಗೆ ಮುರಿದ ಹಲ್ಲಿನ ಗೇರು, ಕಾಲಿಗೆ ಸರಳು. ಸತು ಲೇಪಿಸಿದ ಜಿ.ಐ. ಪೈಪಿನ ಕಾಲು ಬೇಡ ಅನ್ನಿಸಿತು. ಸತುವಿನ ಹೊಗೆ ಕುಡಿದರೆ ರಾತ್ರಿ ಜ್ವರ ಗ್ಯಾರಂಟಿ. ಸಾಮಾನೆಲ್ಲ ಗುಜರಿಯಲ್ಲೇ ಸಿಕ್ಕಿತು. ಕೂಡಿಸುವುದೇ ಫಜೀತಿ.

ಮೊದಲು ಮಾಮೂಲಿ ಆರ್ಕ್, ಅಂದರೆ ಕರೆಂಟಿನ ಬೆಸುಗೆ; 2.5 ಮಿ.ಮೀ.ನ 6013 ಅನ್ನೋ ಸಾಮಾನ್ಯ ಉಕ್ಕಿನ ರಾಡು. ಸರಳಿಗೆ ಬೆರಳು ಹಚ್ಚಲು ಇದಕ್ಕಿಂತ ಸುಲಭದ್ದು ಬೇರೆ ಇಲ್ಲ. ಧೈರ್ಯ ಬಂದು ಕವಚಕ್ಕೂ ಅದನ್ನೇ ಹಚ್ಚಿದೆ. ನೋಡಲು ಚೆನ್ನಾಗೇ ಇತ್ತು. ಟೀ ಕುಡಿಯುತ್ತಾ ಕೂತಾಗ 'ಟಿಕ್' ಅಂತ ಸದ್ದು. ಬೆಸುಗೆಯ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು! ಬೀಡಿನಲ್ಲಿ ನೂರಕ್ಕೆ 2ರಿಂದ 4 ಪಾಲು ಇಂಗಾಲ ಇರುತ್ತದೆ ಅಲ್ವಾ? ಕಾದು ಬೇಗ ಆರಿದ ಜಾಗ ಗಾಜಿನ ಹಾಗೆ ಗಡುಸಾಗಿ, ಎಳೆತಕ್ಕೆ ಸೀಳುತ್ತದೆ.

ತಂತಿ ತಾನೇ ಬರುವ, ಬೆಸುಗೆಗೆ ಗ್ಯಾಸಿನ ರಕ್ಷಣೆ ಕೊಡುವ ಮಿಗ್ ಮೆಷಿನ್ನೂ ನೋಡಿದೆ. ತೆರೆದ ಶೆಡ್ಡಿನಲ್ಲಿ ಗಾಳಿ ಬೀಸಿದರೆ ಗ್ಯಾಸು ಹಾರಿ ಬೆಸುಗೆ ತೂತು ತೂತು. ಬೀಡಿಗಂತೂ ಅದೇ ಬಿರುಕಿನ ಕಥೆ.

ನಿಕಲ್ ರಾಡು ಬೇರೆಯೇ. ಒಂದೊಂದು ಇಂಚು ಹಾಕುವುದು, ಬಿಸಿ ಇರುವಾಗಲೇ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು, ಕೈ ಇಡುವಷ್ಟು ಆರಿದ ಮೇಲೆ ಮುಂದಿನದು. ಬಿರುಕು ಬರಲಿಲ್ಲ. ಆದರೆ ಮಾಮೂಲಿ ರಾಡಿಗಿಂತ ಸಿಕ್ಕಾಪಟ್ಟೆ ದುಬಾರಿ.

ನನಗೆ ಒಗ್ಗಿದ್ದು ಗ್ಯಾಸಿನ ಹಿತ್ತಾಳೆ ಬೆಸುಗೆ. ಹಳೆ ಪಂಪಿನ ಗ್ರೀಸನ್ನು ಮೊದಲು ಸುಟ್ಟು ತೆಗೆಯಬೇಕು, ಇಲ್ಲದಿದ್ದರೆ ಹಿತ್ತಾಳೆ ಕಚ್ಚುವುದೇ ಇಲ್ಲ. ಆಮೇಲೆ ಬಿಳಿಗಾರ ಹಚ್ಚಿ, ಕವಚ ಪೂರ್ತಿ ಬೆಚ್ಚಗಾಗುವವರೆಗೆ ಉರಿ ತೋರಿಸಬೇಕು. ಹಿತ್ತಾಳೆ ಸುಮಾರು 900 ಡಿಗ್ರಿಗೆ ಕರಗುತ್ತದೆ, ಬೀಡು ಕರಗುವುದಿಲ್ಲ. ಆರಲು ಬಿಸಿ ಬೂದಿಯಲ್ಲಿ ಹೂತಿಟ್ಟೆ. ಜುಟ್ಟಿನ ಬುಡದಲ್ಲಿ ಈಗ ಹೊನ್ನಿನ ಗೆರೆ. ಉಜ್ಜಿ ಮುಚ್ಚಲು ಮನಸ್ಸಾಗಲಿಲ್ಲ.

ಬಾಲದ ಭಾರವನ್ನು ಮಾತ್ರ ಯಾವ ಬೆಸುಗೆಗೂ ನಂಬಿ ಬಿಡಲಿಲ್ಲ. ಬ್ಲೇಡುಗಳನ್ನು 7018 ಅನ್ನೋ ಗಟ್ಟಿ ಬೆಸುಗೆಯ ಉಕ್ಕಿನ ರಾಡಿನಿಂದ ಒಂದು ದಪ್ಪ ಪಟ್ಟಿಗೆ ಕೂಡಿಸಿ, ಪಟ್ಟಿಯನ್ನು ಪಂಪಿನ ಫ್ಲ್ಯಾಂಜಿನಲ್ಲಿ (ಪೈಪು ಕೂಡಿಸುವ ಅಗಲ ಅಂಚಿನಲ್ಲಿ) ಮೊದಲೇ ಇದ್ದ ತೂತುಗಳಿಗೆ ಬೋಲ್ಟು ಹಾಕಿ ಬಿಗಿದೆ. ಟೆಂಪೋದಲ್ಲಿ ಸಾಗಿಸುವಾಗ ಬಾಲ ಬಿಚ್ಚಿ ಸೀಟಿನ ಕೆಳಗೆ ಇಟ್ಟರಾಯಿತು.