ನಡುವೆ ದುಂಡು, ಸುತ್ತ ಚೌಕ: ಯಾವ ಕ್ರೋಶೆ ಮಾದರಿ ಒಳ್ಳೆಯದು?

ದಿಂಬಿನ ಕವರಿಗೆ ದುಂಡು ನಡುವಿನ ಚೌಕ ಬೇಕಿತ್ತು. ಮೂರು ಮಾದರಿಗಳನ್ನು ಒಂದೇ ನೂಲು, ಒಂದೇ ಹುಕ್ಕಿನಲ್ಲಿ ಹಾಕಿ ನೋಡಿದೆ. ನೂಲು ಮುಂಬೈಯ ದಾದರಿನಲ್ಲಿ ಕೊಂಡ 4 ಪ್ಲೈ ಕಾಟನ್, ಹುಕ್ 3 ಮಿ.ಮೀ. ಸ್ಟಿಚ್‌ಗಳ ಹೆಸರು ಅಮೆರಿಕನ್ ಪದ್ಧತಿಯವು: ಸಿಂಗಲ್, ಹಾಫ್ ಡಬಲ್, ಡಬಲ್, ಟ್ರೆಬಲ್, ಒಂದಕ್ಕಿಂತ ಒಂದು ಎತ್ತರ. ಬ್ರಿಟಿಷ್ ಪುಸ್ತಕ ನೋಡಿ ಹಾಕುವವರು ಸಿಂಗಲ್ ಅಂದಲ್ಲಿ ಡಬಲ್, ಹಾಫ್ ಡಬಲ್ ಅಂದಲ್ಲಿ ಹಾಫ್ ಟ್ರೆಬಲ್, ಡಬಲ್ ಅಂದಲ್ಲಿ ಟ್ರೆಬಲ್, ಟ್ರೆಬಲ್ ಅಂದಲ್ಲಿ ಡಬಲ್ ಟ್ರೆಬಲ್ ಎಂದು ಓದಿಕೊಳ್ಳಿ.

ಮೊದಲನೆಯದು ತುಂಬು ವೃತ್ತ. ಮ್ಯಾಜಿಕ್ ರಿಂಗಿನಲ್ಲಿ (ಎಳೆದು ಬಿಗಿ ಮಾಡುವ ನೂಲಿನ ಕುಣಿಕೆ) 12 ಡಬಲ್ ಕ್ರೋಶೆ. ಎರಡನೇ ಸುತ್ತಿನಲ್ಲಿ ಪ್ರತಿಯೊಂದರಲ್ಲೂ ಎರಡೆರಡು, ಆಗ 24. ಮೂರನೆಯದರಲ್ಲಿ ಒಂದರಲ್ಲಿ ಒಂದು, ಅದರ ಮುಂದಿನದರಲ್ಲಿ ಎರಡು, ಆಗ 36. ನಾಲ್ಕನೇ ಸುತ್ತಿನಲ್ಲಿ ಚೌಕ ಮೂಡುತ್ತದೆ. ಒಂದು ಸ್ಟಿಚ್‌ನಲ್ಲಿ ಎರಡು ಟ್ರೆಬಲ್, ಎರಡು ಚೈನ್, ಮತ್ತೆ ಎರಡು ಟ್ರೆಬಲ್. ಅದು ಮೂಲೆ. ಮುಂದಿನ ಎಂಟರಲ್ಲಿ ಒಂದು ಡಬಲ್, ಒಂದು ಹಾಫ್ ಡಬಲ್, ನಾಲ್ಕು ಸಿಂಗಲ್, ಒಂದು ಹಾಫ್ ಡಬಲ್, ಒಂದು ಡಬಲ್. ಹೀಗೆ ನಾಲ್ಕು ಸಲ.

ಇದು ಯಾಕೆ ಸರಿಯಾಗಿ ಕೂರುತ್ತದೆ ಅಂದರೆ, ಚೌಕದ ನಡುವಿನಿಂದ ಅಳೆದರೆ ಮೂಲೆಯು ಬದಿಗಿಂತ ಸುಮಾರು 1.4 ಪಟ್ಟು ದೂರ ಇರುತ್ತದೆ. ಆ ಹೆಚ್ಚಿನ ದೂರವನ್ನು ಎತ್ತರದ ಸ್ಟಿಚ್ ತುಂಬಬೇಕು. ಮೂರು ಸುತ್ತಿನ ವೃತ್ತಕ್ಕೆ ಟ್ರೆಬಲ್ ಸಾಕು. ಐದು ಸುತ್ತಿನ ವೃತ್ತಕ್ಕೆ ಅದೇ ಮೂಲೆ ಹಾಕಿದರೆ ಸಾಲದು. ಮೂಲೆ ಒಳಗೆ ಎಳೆಯುತ್ತದೆ, ಬದಿ ಹೊರಗೆ ಉಬ್ಬುತ್ತದೆ. ದೊಡ್ಡ ವೃತ್ತ ಬೇಕೇ ಬೇಕು ಅಂದರೆ ಚೌಕ ಮಾಡುವ ಕೆಲಸವನ್ನು ಎರಡು ಸುತ್ತಿಗೆ ಹಂಚಿ.

ಎರಡನೆಯದು ಸನ್‌ಬರ್ಸ್ಟ್. 12 ಡಬಲ್ ಆದ ಮೇಲೆ ಅವುಗಳ ನಡುವಿನ ಒಂದೊಂದು ಸಂದಿಯಲ್ಲೂ ಎರಡು ಡಬಲ್ ಸೇರಿಸಿ ಮುಚ್ಚಿದ ಕ್ಲಸ್ಟರ್, ನಡುನಡುವೆ ಒಂದು ಚೈನ್. ಮುಂದಿನ ಸುತ್ತಿಗೆ ಮೂರರ ಕ್ಲಸ್ಟರ್, ಎರಡು ಚೈನ್. ಕೊನೆಗೆ 12 ಸಂದಿಗಳಲ್ಲಿ ನಾಲ್ಕು ಮೂಲೆ. ಮೂಲೆಗೆ ಮೂರು ಟ್ರೆಬಲ್, ಎರಡು ಚೈನ್, ಮೂರು ಟ್ರೆಬಲ್. ಉಳಿದ ಎಂಟು ಸಂದಿಗೆ ಮೂರು ಮೂರು ಡಬಲ್. ಅಂದಕ್ಕೆ ಇದೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಹಳದಿ, ಕೇಸರಿ, ಕೆಂಪು ಒಂದರ ಹೊರಗೊಂದು ಬಂದಾಗ ದುಂಡು ಎದ್ದು ಕಾಣುತ್ತದೆ. ಆದರೆ ಸುತ್ತಿಗೊಂದು ಬಣ್ಣ ಅಂದರೆ ಚೌಕಕ್ಕೆ ಎಂಟು ದಾರದ ತುದಿ. 16 ಚೌಕದ ದಿಂಬಿಗೆ 128 ತುದಿ ಸೂಜಿಯಲ್ಲಿ ಅಡಗಿಸಬೇಕು! ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಬರುವಾಗ ನಾಲ್ಕು ಉಂಡೆ ಹಿಡಿದು ಕೂರೋದು ಆಗದ ಮಾತು. ತುಂಬು ವೃತ್ತವಾದರೆ ಒಂದೇ ಬಣ್ಣ ಸಾಕು, ನಿಂತುಕೊಂಡೂ ಹಾಕಬಹುದು.

ಮೂರನೆಯದು ಅದೇ 36ರ ವೃತ್ತದ ಸುತ್ತ ಚೈನ್ ಕುಣಿಕೆಗಳ ಚೌಕಟ್ಟು. ಬೇಗ ಆಗುತ್ತದೆ, ನೂಲೂ ಕಡಿಮೆ. ಪಕ್ಕದ ಮನೆಯ ಹುಬ್ಬಳ್ಳಿ ಕಾಕು ಮೇಜಿನ ಹಾಸುಬಟ್ಟೆಗೆ ಇದನ್ನೇ ಹಾಕುತ್ತಾರೆ. "ಜಾಳಿಗಿ ಹಂಗ ಇದ್ರ ಚಂದ ತಂಗಿ, ಕೆಳಗಿನ ಬಣ್ಣ ಕಾಣ್ತದ" ಅಂತಾರೆ. ಮೇಜಿಗೆ ಸರಿ, ಗಂಜಿ ಹಾಕಿದರೆ ಇನ್ನೂ ಚೆನ್ನ. ದಿಂಬಿಗೆ ಮಾತ್ರ ಬೇಡ, ಬೆರಳು, ಓಲೆ ಎಲ್ಲ ಸಿಕ್ಕಿಕೊಳ್ಳುತ್ತವೆ.

ನೂಲಿನ ವಿಷಯಕ್ಕೆ ಬಂದರೆ, ಕಾಟನ್ ಒದ್ದೆ ಮಾಡಿ ಪಿನ್ ಚುಚ್ಚಿ ಒಣಗಿಸಿದರೆ ಮೂಲೆಗಳು ಚೂಪಾಗಿ ನಿಲ್ಲುತ್ತವೆ. ಮುಂಬೈ ಮಳೆಗಾಲದಲ್ಲಿ ಫ್ಯಾನ್ ಕೆಳಗೇ ಒಣಗಿಸಿ, ಇಲ್ಲದಿದ್ದರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಅಕ್ರಿಲಿಕ್‌ಗೆ ನೀರು ಅಷ್ಟಾಗಿ ಕೆಲಸ ಮಾಡಲ್ಲ, ಹಬೆ ಬೇಕು. ಇಸ್ತ್ರಿಯನ್ನು ಮೇಲೆ ಒತ್ತಲೇಬೇಡಿ. ಬಿಸಿ ಜಾಸ್ತಿ ತಾಗಿದರೆ ನೂಲು ಜೋಲುಬೀಳುತ್ತದೆ, ಮತ್ತೆ ಮೊದಲಿನ ಹಾಗೆ ಆಗಲ್ಲ.

ದಿಂಬಿಗೆ ನನ್ನ ಆಯ್ಕೆ ತುಂಬು ವೃತ್ತ. ಗಟ್ಟಿ, ಒಳಗಿನ ಬಟ್ಟೆ ಇಣುಕುವುದಿಲ್ಲ. ಸನ್‌ಬರ್ಸ್ಟ್ ಬಿಡಲು ಮನಸ್ಸಿಲ್ಲದವರು ನಾಲ್ಕೈದನ್ನು ನಡುವೆ ಸೇರಿಸಬಹುದು. ಎರಡರಲ್ಲೂ ಬದಿಗೆ 12 ಸ್ಟಿಚ್ ಬರುವುದರಿಂದ ಒಂದಕ್ಕೊಂದು ಸರಿಯಾಗಿ ಜೋಡಿಸಬಹುದು. ಸನ್‌ಬರ್ಸ್ಟ್ ಅಳತೆಯಲ್ಲಿ ಸ್ವಲ್ಪ ದೊಡ್ಡದು, ಅದಕ್ಕೆ 2.5 ಮಿ.ಮೀ. ಹುಕ್ ತೆಗೆದುಕೊಳ್ಳಿ.